ಮನೋಚಿಕಿತ್ಸೆ: ಮಾತು ಮದ್ದಾಗುವ ಬಗೆ

ತರಬೇತಿ ಪಡೆದ ಚಿಕಿತ್ಸಕರೂ ನೊಂದ ವ್ಯಕ್ತಿಯೂ ಗೊತ್ತುಪಡಿಸಿಕೊಂಡ ವೇಳೆಯಲ್ಲಿ ಎದುರುಬದುರು ಕುಳಿತು, ಮಾತು ಮತ್ತು ಅಭ್ಯಾಸಗಳಿಂದ ಮನಸ್ಸಿನ ತೊಂದರೆಯನ್ನು ಕಡಿಮೆ ಮಾಡಿಕೊಳ್ಳುವ ಕ್ರಮವೇ ಮನೋಚಿಕಿತ್ಸೆ. ಬುದ್ಧಿವಾದವೇ ಬೇರೆ, ಇದೇ ಬೇರೆ. ದುಃಖದಲ್ಲಿದ್ದವರಿಗೆ ಧೈರ್ಯ ಹೇಳುವುದು ಪ್ರತಿ ಮನೆಯಲ್ಲೂ ಉಂಟು, ಅದು ಬೇಕಾದದ್ದೂ ಹೌದು. ಆದರೆ ‘ಅದನ್ನೆಲ್ಲ ಮನಸ್ಸಿಗೆ ಹಚ್ಚಿಕೊಳ್ಳಬೇಡ’ ಎಂಬ ಒಳ್ಳೆಯ ಮಾತೂ ಖಿನ್ನತೆಯಲ್ಲಿರುವವರ ಕಿವಿಗೆ ‘ತಪ್ಪು ನಿನ್ನದೇ’ ಎಂದು ಕೇಳಿಸಬಹುದು. ಚಿಕಿತ್ಸಕರು ಮೊದಲು ಕೇಳಿಸಿಕೊಳ್ಳುತ್ತಾರೆ. ಆ ನೋವು ಯಾವಾಗ ಏಳುತ್ತದೆ, ಯಾವುದರಿಂದ ಇಳಿಯುತ್ತದೆ, ಯಾವುದರಿಂದ ಉಳಿದುಕೊಂಡಿದೆ ಎಂಬುದನ್ನು ನೊಂದವರ ಜೊತೆಗೂಡಿ ಹುಡುಕುತ್ತಾರೆ.

ಮಾತಿನ ಚಿಕಿತ್ಸೆ ಎಂಬ ಹೆಸರು ಬಂದದ್ದು ಒಬ್ಬ ರೋಗಿಯ ಬಾಯಿಂದ. ವಿಯೆನ್ನಾದಲ್ಲಿ 1880ರಿಂದ 1882ರವರೆಗೆ ವೈದ್ಯ ಜೋಸೆಫ್ ಬ್ರಾಯರ್ ಅವರ ಆರೈಕೆಯಲ್ಲಿದ್ದ ಬರ್ಥಾ ಪಾಪೆನ್‌ಹೈಮ್, ಮನಸ್ಸಿನಲ್ಲಿದ್ದುದನ್ನು ಹೇಳಿಕೊಂಡಾಗ ಸಿಗುತ್ತಿದ್ದ ನಿರಾಳಕ್ಕೆ ಕೊಟ್ಟ ಹೆಸರದು. ಬ್ರಾಯರ್ ಮತ್ತು ಫ್ರಾಯ್ಡ್ 1895ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಆಕೆ ‘ಆನಾ ಓ.’ ಎಂಬ ಮರೆಹೆಸರಿನಲ್ಲಿ ಬರುತ್ತಾರೆ. ಆ ಚಿಕಿತ್ಸೆಯಿಂದ ಆಕೆ ಪೂರ್ತಿ ಗುಣವಾಗಲಿಲ್ಲ, ಮುಂದೆಯೂ ಕೆಲಕಾಲ ಆರೋಗ್ಯಧಾಮಗಳಲ್ಲಿ ಇರಬೇಕಾಯಿತು. ಚೇತರಿಸಿಕೊಂಡ ಮೇಲೆ ಜರ್ಮನಿಯ ಯಹೂದಿ ಮಹಿಳೆಯರ ಸಂಘಟನೆಯನ್ನು ಕಟ್ಟಿದರು. ಹೇಳಿಕೊಂಡರೆ ಹಗುರವಾಗುತ್ತದೆ ನಿಜ, ಆದರೆ ಅಷ್ಟೇ ಸಾಲದು ಎಂಬುದು ಈ ಮೊದಲ ಉದಾಹರಣೆಯಲ್ಲೇ ಇದೆ.

ಉಳಿದ ಅರ್ಧ ಬೇರೆ ಕಡೆಯಿಂದ ಬಂತು. ಅಮೆರಿಕದ ಮೇರಿ ಕವರ್ ಜೋನ್ಸ್ 1924ರಲ್ಲಿ, ಮೊಲ ಕಂಡರೆ ಹೆದರುತ್ತಿದ್ದ ಪೀಟರ್ ಎಂಬ ಪುಟ್ಟ ಹುಡುಗನ ವೃತ್ತಾಂತವನ್ನು ಪ್ರಕಟಿಸಿದರು. ಅವನು ಇಷ್ಟದ ತಿಂಡಿ ತಿನ್ನುತ್ತಿರುವಾಗ ಮೊಲವನ್ನು ದಿನದಿನಕ್ಕೂ ಸ್ವಲ್ಪ ಸ್ವಲ್ಪವೇ ಹತ್ತಿರ ತರಲಾಯಿತು. ಕೊನೆಗೆ ಹುಡುಗ ಅದನ್ನು ಮುಟ್ಟಿ ಸವರಿದ. ಮುಂದೆ 1960ರ ದಶಕದಲ್ಲಿ ಫಿಲಡೆಲ್ಫಿಯಾದ ಮನೋವೈದ್ಯ ಆರನ್ ಬೆಕ್, ‘ನಾನು ಯಾವುದಕ್ಕೂ ಬಾರದವನು’ ಎಂಬಂಥ ಯೋಚನೆಗಳು ಖಿನ್ನತೆಯ ರೋಗಿಗಳಲ್ಲಿ ತಾವಾಗಿಯೇ ಸುಳಿಯುವುದನ್ನು ಗಮನಿಸಿದರು. ಅವನ್ನು ಹಿಡಿದು, ನಿಜವೇ ಎಂದು ಒರೆಗೆ ಹಚ್ಚುವ ವಿಧಾನ ರೂಪುಗೊಂಡಿತು. ಇಂದು ಸಿಬಿಟಿ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ) ಎಂದು ಕರೆಯುವ ಚಿಕಿತ್ಸೆಯಲ್ಲಿ ಈ ಎರಡೂ ಎಳೆಗಳು ಸೇರಿವೆ.

ಮನೋಚಿಕಿತ್ಸೆ ಹೇಗೆ ಕೆಲಸ ಮಾಡುತ್ತದೆ ಎಂಬುದು ಗೀಳುರೋಗದಲ್ಲಿ ನಿಚ್ಚಳವಾಗಿ ಕಾಣುತ್ತದೆ. ಕೈಗೆ ಕೊಳೆ ಹತ್ತಿತೇನೋ ಎಂಬ ಶಂಕೆ ಬರುತ್ತದೆ, ಎದೆ ಡವಗುಟ್ಟುತ್ತದೆ. ಕೈ ತೊಳೆದರೆ ಸಮಾಧಾನ. ಆ ಸಮಾಧಾನವೇ ಮತ್ತೆ ತೊಳೆಯಲು ಕಲಿಸುತ್ತದೆ. ಮಡಿ-ಮೈಲಿಗೆ ಪಾಲಿಸುವ ಮನೆಯಲ್ಲಿ ಇದು ಬಹುಕಾಲ ಆಚಾರದಂತೆಯೇ ಕಾಣುವುದರಿಂದ ರೋಗವೆಂದು ತಿಳಿಯುವುದು ತಡವಾಗಬಹುದು. ಮನೆಯವರೂ ಕನಿಕರದಿಂದ ‘ಸರಿಯಾಗಿ ತೊಳೆದಿದ್ದೀಯ, ಸಾಕು’ ಎಂದು ಹತ್ತು ಸಲ ಹೇಳುತ್ತಾರೆ, ಅದೂ ಗೀಳಿಗೆ ನೀರೆರೆದಂತೆಯೇ. 1966ರಲ್ಲಿ ಲಂಡನ್ನಿನ ವಿಕ್ಟರ್ ಮೇಯರ್ ತೋರಿಸಿದ ದಾರಿ, ಶಂಕೆ ಹುಟ್ಟಿಸುವ ವಸ್ತುವನ್ನು ಮುಟ್ಟಿಸಿ ತೊಳೆಯದಂತೆ ತಡೆಯುವುದು. ಇಂದು ರೋಗಿಯ ಒಪ್ಪಿಗೆ ಪಡೆದು, ಕಡಿಮೆ ಭಯದ್ದರಿಂದ ಆರಂಭಿಸಿ ಮೆಟ್ಟಿಲು ಮೆಟ್ಟಿಲಾಗಿ ಮೇಲೇರುತ್ತಾರೆ: ಮೊದಲು ಬಾಗಿಲ ಚಿಲಕ, ಆಮೇಲೆ ಚಪ್ಪಲಿ. ತೊಳೆಯದೆ ಕುಳಿತರೂ ಹೊತ್ತು ಕಳೆದಂತೆ ತಳಮಳ ತಗ್ಗುತ್ತದೆ ಎಂಬುದನ್ನು ರೋಗಿ ಅನುಭವದಿಂದಲೇ ಕಲಿಯಬೇಕು. ಯಾರು ಎಷ್ಟು ಹೇಳಿದರೂ ಆ ಪಾಠ ಕಿವಿಯಿಂದ ಒಳಗಿಳಿಯುವುದಿಲ್ಲ. ಸಾಮಾನ್ಯವಾಗಿ ವಾರಕ್ಕೊಮ್ಮೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆಯ ಭೇಟಿ, ನಡುವಿನ ದಿನಗಳಲ್ಲಿ ಮನೆಯಲ್ಲಿ ಅಭ್ಯಾಸ. ಹೀಗೆ ಕೆಲವು ತಿಂಗಳು ನಡೆಯುತ್ತದೆ.

ಕರ್ನಾಟಕಕ್ಕೆ ಈ ವಿದ್ಯೆ ಹೊಸದಲ್ಲ. ಬೆಂಗಳೂರಿನಲ್ಲಿ 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಮಾನಸಿಕ ಆಸ್ಪತ್ರೆಯೊಡನೆ ಸೇರಿ 1974ರಲ್ಲಿ ನಿಮ್ಹಾನ್ಸ್ ಆಯಿತು. ‘ಕೊರವಂಜಿ’ ಹಾಸ್ಯಪತ್ರಿಕೆಯ ಸಂಪಾದಕ ರಾಶಿ, ಅಂದರೆ ಡಾ. ಎಂ. ಶಿವರಾಂ, ಮನೋವೈದ್ಯಕೀಯದ ಬಗ್ಗೆ ಬರೆದ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಈ ಚಿಕಿತ್ಸೆಯಲ್ಲಿ ಭಾಷೆಯೇ ಉಪಕರಣ. ‘ಎದೆ ಭಾರ’, ‘ಹೊಟ್ಟೆಯಲ್ಲಿ ಸಂಕಟ’ ಎಂದು ದೇಹದ ಮಾತಿನಲ್ಲಿ ಹೇಳುವವರ ನೋವನ್ನು ಅದೇ ಮಾತಿನಲ್ಲಿ ಹಿಡಿಯಬಲ್ಲವರು ಬೇಕು.

ಸೌಮ್ಯ ಮತ್ತು ಮಧ್ಯಮ ಖಿನ್ನತೆಯಲ್ಲಿ ಮನೋಚಿಕಿತ್ಸೆ ಮಾತ್ರೆಯಷ್ಟೇ ಫಲ ಕೊಡಬಲ್ಲದು. ಆತಂಕ, ಗಾಬರಿಯ ದಾಳಿ, ಆಘಾತದ ನೆನಪುಗಳಿಗೂ ಉಪಯುಕ್ತ. ಸ್ಕಿಜೋಫ್ರೇನಿಯಾ, ಬೈಪೋಲಾರ್ ಕಾಯಿಲೆಗಳಲ್ಲಿ ಔಷಧವೇ ಬುನಾದಿ. ಅಲ್ಲಿ ಮನೋಚಿಕಿತ್ಸೆ ಅದರ ಜೊತೆಗಿದ್ದು ರೋಗಿಗೂ ಮನೆಯವರಿಗೂ ಆಸರೆಯಾಗುತ್ತದೆ. ಮಾತ್ರೆ ಬಿಟ್ಟು ಬರಬೇಕು ಎನ್ನುವವರನ್ನು ನಂಬಬಾರದು. ಚಿಕಿತ್ಸೆಯ ಮಾತು ಗುಟ್ಟಾಗಿ ಉಳಿಯುತ್ತದೆ. ಜೀವಕ್ಕೆ ಅಪಾಯವಿದ್ದಾಗಿನಂಥ ಕೆಲವೇ ಸಂದರ್ಭಗಳು ಇದಕ್ಕೆ ಹೊರತು, ಇದನ್ನು ಮೊದಲ ಭೇಟಿಯಲ್ಲೇ ತಿಳಿಸಬೇಕು. ಎಲ್ಲಿಂದ ಆರಂಭಿಸುವುದು ಎಂದು ತೋಚದವರಿಗೆ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ-ಮಾನಸ್ ಇದೆ: 14416ಕ್ಕೆ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು.