ಸೊಂಟದ ಮೇಲೆ ಕೈಯಿಟ್ಟ ದೇವರು

ದೇವರನ್ನು ನಂಬಿದವರಿಗೆ ಈ ಜಗತ್ತಿನಲ್ಲಿ ಭಯ ಕಡಿಮೆಯೇ? ಎರಡು ದಿನಗಳ ಈ ಸಂಕಿರಣದ ಪ್ರಶ್ನೆ ಇದು. ಪುಣೆಯಲ್ಲಿ ಕನ್ನಡಿಗರು ಸೇರಿ ಇದನ್ನು ಕೇಳುವಾಗ ವಿಠಲನನ್ನು ಬಿಟ್ಟು ಮಾತಾಡಲಾಗದು. ಅವನು ಕನ್ನಡ, ಮರಾಠಿ ಎರಡೂ ಭಾಷೆಯವರಿಗೆ ಬೇಕಾದವನು. ಪುರಂದರ ವಿಠಲ, ವಿಜಯ ವಿಠಲ, ಜಗನ್ನಾಥ ವಿಠಲ ಎಂದು ನಮ್ಮ ದಾಸರ ಅಂಕಿತಗಳಲ್ಲೇ ಕೂತಿದ್ದಾನೆ.

ನಮ್ಮ ಎಷ್ಟೋ ದೇವರುಗಳು ಬಲಗೈ ಎತ್ತಿ ಅಭಯ ಕೊಡುತ್ತಾರೆ. ಪಂಢರಪುರದ ಈತ ಕೊಡುವುದಿಲ್ಲ. ಇಟ್ಟಿಗೆಯ ಮೇಲೆ ಜೋಡಿಪಾದ ಊರಿ, ಎರಡೂ ಕೈ ಸೊಂಟಕ್ಕಿಟ್ಟು ನಿಂತಿದ್ದಾನೆ. ನನ್ನವರಿಗೆ ಸಂಸಾರಸಾಗರ ಇಷ್ಟೇ ಆಳ ಎಂದು ಕೈಯಿಂದಲೇ ಅಳತೆ ತೋರಿಸುತ್ತಿದ್ದಾನೆಂದು ಸಂಪ್ರದಾಯ ಹೇಳುತ್ತದೆ. ಶಂಕರರ ಹೆಸರಿನಲ್ಲಿರುವ ಪಾಂಡುರಂಗಾಷ್ಟಕದಲ್ಲೂ ಈ ಭಾವವಿದೆ. ನೀರು ಇರುತ್ತದೆ, ಒದ್ದೆಯೂ ಆಗುತ್ತೀರಿ ಎಂದು ಒಪ್ಪಿಕೊಂಡೇ ಧೈರ್ಯ ಹೇಳುವ ದೇವರು ನನಗೆ ಹೆಚ್ಚು ಪ್ರಾಮಾಣಿಕನಾಗಿ ಕಾಣುತ್ತಾನೆ.

ಆದರೆ 2019ರ ಸೆಪ್ಟೆಂಬರ್ 25ರ ರಾತ್ರಿ ಇದೇ ಪುಣೆಯ ಆಂಬಿಲ್ ಓಢಾ ಸೊಂಟದ ಅಳತೆಯನ್ನು ಮೀರಿತು. ಕಾತ್ರಜ್ ಕಡೆಯಿಂದ ಇಳಿದು ಸಹಕಾರನಗರದ ಮಗ್ಗುಲಲ್ಲಿ ಹರಿಯುವ ಈ ಹಳ್ಳ, ಕೆಲವೇ ಗಂಟೆಗಳ ಮಳೆಗೆ ಮನೆಗಳೊಳಗೆ ನುಗ್ಗಿತು. ಅರಣ್ಯೇಶ್ವರದಲ್ಲಿ ಗೋಡೆ ಕುಸಿದು ಜನ ಸತ್ತರು. ಶಿವನ ಹೆಸರು ಹೊತ್ತ ಬಡಾವಣೆ ಅದು. ಬದುಕಿದವರು ದೇವರು ಕಾಪಾಡಿದ ಎಂದರೆ ತಪ್ಪಿಲ್ಲ. ಸತ್ತವರ ಮನೆಯವರು ಅದೇ ಮಾತನ್ನು ಕೇಳಿಸಿಕೊಳ್ಳುತ್ತಿರುತ್ತಾರಲ್ಲ, ಅವರಿಗೆ ನಮ್ಮ ತತ್ತ್ವಶಾಸ್ತ್ರ ಏನು ಹೇಳುತ್ತದೆ?

ಇಲ್ಲಿ ಮನಶ್ಶಾಸ್ತ್ರದ ಕೆಲಸವೊಂದು ನಮಗೆ ಒದಗುತ್ತದೆ. ಅಮೆರಿಕದ ಕೆನೆತ್ ಪಾರ್ಗಮೆಂಟ್ ಮತ್ತು ಸಂಗಡಿಗರು ಆಸ್ಪತ್ರೆಗೆ ದಾಖಲಾದ, 55 ಮತ್ತು ಅದಕ್ಕೆ ಮೇಲ್ಪಟ್ಟ ವಯಸ್ಸಿನ 596 ರೋಗಿಗಳನ್ನು ಎರಡು ವರ್ಷ ಗಮನಿಸಿ 2001ರಲ್ಲಿ ಫಲಿತಾಂಶ ಪ್ರಕಟಿಸಿದರು. ದೇವರು ಕೈಬಿಟ್ಟ, ಅವನಿಗೆ ನನ್ನ ಮೇಲೆ ಪ್ರೀತಿಯಿಲ್ಲ ಎಂದು ಕೊರಗಿದವರಲ್ಲಿ ಸಾವಿನ ಸಂಭವ ಹೆಚ್ಚಾಗಿ ಕಂಡಿತು. ಅಂದರೆ ನಂಬಿಕೆಯಿಂದ ನೆಮ್ಮದಿ ಎಂಬ ಸರಳ ಲೆಕ್ಕ ಕೂಡುವುದಿಲ್ಲ. ಯಾವ ದೇವರನ್ನು, ಯಾವ ಕರಾರಿನ ಮೇಲೆ ನಂಬಿದ್ದೀರಿ ಎಂಬುದನ್ನೂ ಕೇಳಬೇಕು.

ಜಮಖಂಡಿಯಲ್ಲಿ ಹುಟ್ಟಿ ಇದೇ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಪಾಠ ಹೇಳಿದ ತತ್ತ್ವಜ್ಞಾನಿ ಗುರುದೇವ ರಾನಡೆ ಕರಾರಿನ ಭಕ್ತಿಯ ಗೊಡವೆಗೆ ಹೋಗಲಿಲ್ಲ. ಮಹಾರಾಷ್ಟ್ರದ ಸಂತರ ಬಗ್ಗೆ 1933ರಲ್ಲಿ ಪುಸ್ತಕ ತಂದರು, ನಮ್ಮ ಶರಣರು ಮತ್ತು ದಾಸರ ಬಗ್ಗೆಯೂ ಬರೆದರು. ಎರಡೂ ಕಡೆ ಅವರು ಹುಡುಕಿದ್ದು ಸಾಕ್ಷಾತ್ ಅನುಭವವನ್ನು.

ನನ್ನ ಅಭಿಪ್ರಾಯವನ್ನು ನೇರವಾಗಿಯೇ ಹೇಳಿಬಿಡುತ್ತೇನೆ. ನಂಬಿಕೆಯಿಂದ ಎದೆಗಾರಿಕೆ ಬರಬಹುದು. ಭದ್ರತೆ ಕೊಡಬೇಕಾದವರು ಬೇರೆ. ಆಂಬಿಲ್ ಓಢಾದಂಥ ಹಳ್ಳದ ಒತ್ತುವರಿಯ ಲೆಕ್ಕವನ್ನು ದೇವರ ಖಾತೆಗೆ ಬರೆಯಬಾರದು. ಪಂಢರಪುರಕ್ಕೆ ನಡೆದುಹೋಗುವ ವಾರಕರಿ ಭಕ್ತರಿಗೆ ಈ ವ್ಯತ್ಯಾಸ ಗೊತ್ತು. 2020ರಲ್ಲಿ ಕೊರೋನಾ ಬಂದಾಗ ಕಾಲ್ನಡಿಗೆಯ ಯಾತ್ರೆಯಾದ ವಾರಿ ನಿಂತಿತು, ಸಂತರ ಪಾದುಕೆಗಳು ಬಸ್ಸಿನಲ್ಲಿ ಪಂಢರಪುರಕ್ಕೆ ಹೋದವು. ಅದರಿಂದ ಯಾರ ಭಕ್ತಿಯೂ ಸಣ್ಣದಾಗಲಿಲ್ಲ.

ಬದುಕಿಗೆ ಭದ್ರತೆ ಬಂದಷ್ಟೂ ಧರ್ಮದ ಹಿಡಿತ ಸಡಿಲುತ್ತದೆ ಎಂದು ರಾಜಕೀಯ ವಿಜ್ಞಾನಿಗಳಾದ ನಾರಿಸ್ ಮತ್ತು ಇಂಗ್ಲ್‌ಹಾರ್ಟ್ 2004ರಲ್ಲಿ ವಾದಿಸಿದರು. ಯುರೋಪಿಗೆ ಅದು ಬಹುಮಟ್ಟಿಗೆ ಹೊಂದುತ್ತದೆ. ನಮ್ಮಲ್ಲಿ? ಬಿಬವೇವಾಡಿಯ ಪಕ್ಕದ ಮಾರ್ಕೆಟ್ ಯಾರ್ಡ್‌ಗೆ ಹೋಗಿ ನೋಡಿ. ಬಾಬಾ ಆಢಾವ್ ಕಟ್ಟಿದ ಹಮಾಲ್ ಪಂಚಾಯತ್ ಇದೆ, ಹೊರೆ ಹೊರುವವರಿಗಾಗಿ ಬಂದ 1969ರ ಮಾಥಾಡಿ ಕಾಯ್ದೆ ಇದೆ, ನೋಂದಾಯಿತ ಹಮಾಲರಿಗೆ ಭವಿಷ್ಯನಿಧಿ ಇದೆ. ಕಲಬುರಗಿ, ಯಾದಗಿರಿ ಕಡೆಯಿಂದ ಬಂದು ಕಟ್ಟಡ ಕೆಲಸ ಮಾಡುವ ಎಷ್ಟೋ ಮಂದಿಗೆ ಅದ್ಯಾವುದೂ ಇಲ್ಲ. ಇವರಿಬ್ಬರ ದೇವರು ಒಬ್ಬನೇ ಇರಬಹುದು, ರಾತ್ರಿಯ ನಿದ್ದೆ ಒಂದೇ ಆಗಿರಲಾರದು.

ಪ್ರಬಂಧಕಾರರಲ್ಲಿ ನನ್ನ ಕೋರಿಕೆ ಇಷ್ಟೇ. ನೆಮ್ಮದಿ ಸಿಕ್ಕವರ ಮಾತನ್ನಷ್ಟೇ ದಾಖಲಿಸಬೇಡಿ. ದೇವರು ಕೈಬಿಟ್ಟ ಎಂದವರ ಮಾತಿಗೂ ಈ ಎರಡು ದಿನ ಸಮಯ ಕೊಡಿ.