ಹನಿ ಹಾಕಿಸಿಕೊಂಡು ಅರ್ಧಕ್ಕೆ ಎದ್ದು ಬರಬೇಡಿ



ನಮ್ಮವ್ವ ಒಂದು ಸಲ ಕಣ್ಣಿನ ಶಿಬಿರದಿಂದ ಅರ್ಧಕ್ಕೇ ಎದ್ದು ಬಂದಿದ್ದಳು. ಹನಿ ಹಾಕಿದರು, ಕೂತ್ಕೊ ಅಂದರು, ಅಷ್ಟೆ. ಸ್ವಲ್ಪ ಹೊತ್ತಿಗೆ ಕೈಯಲ್ಲಿದ್ದ ಚೀಟಿಯೇ ಮಸುಕಾಯಿತು. "ಇದ್ದ ಕಣ್ಣನ್ನೂ ತೆಗೆದುಬಿಟ್ರು" ಅಂತ ಹೆದರಿ ಬಂದವಳು ಮತ್ತೆ ಹೋಗಲಿಲ್ಲ. ಅವಳಿಗೆ ಸಕ್ಕರೆ ಕಾಯಿಲೆ ಇತ್ತು. ಅದೇನು ಹನಿ ಅಂತ ಅಲ್ಲಿ ಯಾರೂ ಹೇಳಲಿಲ್ಲ. ಅದಕ್ಕೇ ನಾನು ಹೇಳ್ತೀನಿ.

ಕಣ್ಣಿನ ಪಾಪೆ ಒಂದು ಕಿಂಡಿ. ಟಾರ್ಚ್ ಬಿಟ್ಟರೆ ಅದು ಇನ್ನೂ ಕಿರಿದಾಗುತ್ತೆ, ಡಾಕ್ಟರಿಗೆ ಒಳಗಿನ ಪರದೆ ಪೂರ್ತಿ ಕಾಣಲ್ಲ. ಟ್ರೋಪಿಕಮೈಡ್ ಹನಿ ಕಿಂಡಿ ಮುಚ್ಚುವ ಸ್ನಾಯುವನ್ನು ಸಡಿಲ ಮಾಡುತ್ತದೆ. ಅದಕ್ಕೆ 20-30 ನಿಮಿಷ ಬೇಕು. ಆಮೇಲೆ 4-6 ಗಂಟೆ ಹತ್ತಿರದ್ದು ಮಸುಕು, ಬಿಸಿಲು ಚುಚ್ಚುತ್ತೆ. ತಾನಾಗೇ ಸರಿಹೋಗುತ್ತೆ. ಮಕ್ಕಳಿಗೆ ಕೆಲವೊಮ್ಮೆ ಹಾಕುವ ಅಟ್ರೋಪಿನ್ ಮಾತ್ರ ವಾರ, ಹತ್ತು ದಿನ ಇರುತ್ತದೆ. ಬೇಲಿ ಬದಿಯ ಉಮ್ಮತ್ತಿ ಗಿಡದಲ್ಲೂ ಇದೇ ಇದೆ. (ಹಾಗಂತ ಅದನ್ನ ಹಿಂಡಿ ಕಣ್ಣಿಗೆ ಬಿಡೋಕೆ ಹೋಗ್ಬೇಡಿ ಮತ್ತೆ!)

ವಯನಾಡಿನಲ್ಲಿ ಈ ಹನಿಗೆ ಇನ್ನೊಂದು ಕೆಲಸವಿದೆ. ಇಲ್ಲಿ ಪಣಿಯ, ಕುರುಮ, ವಯನಾಡನ್ ಚೆಟ್ಟಿ ಮನೆಗಳಲ್ಲಿ ಸಿಕಲ್ ಸೆಲ್ ಕಾಯಿಲೆ ಇದೆ. ಗಡಿಯಾಚೆ ಚಾಮರಾಜನಗರದ ಹಾಡಿಗಳಲ್ಲೂ ಇದೆ. ಕುಡುಗೋಲಿನ ಹಾಗೆ ಬಾಗಿದ ರಕ್ತಕಣ ಮೈಕೈ ನೋವು ಕೊಟ್ಟು ಸುಮ್ಮನಾಗುವುದಿಲ್ಲ, ಕಣ್ಣಿನ ಪರದೆಯ ಅಂಚಿನ ಸಣ್ಣ ರಕ್ತನಾಳಗಳನ್ನೂ ಕಟ್ಟಿಹಾಕುತ್ತದೆ. ನೋವಿಲ್ಲ, ದೃಷ್ಟಿಯೂ ಮೊದಮೊದಲು ಚೆನ್ನಾಗೇ ಇರುತ್ತೆ. ಗೋಡೆಯ ಅಕ್ಷರ ಓದಿಸಿ ಕಳಿಸಿದರೆ ಅದು ಸಿಕ್ಕಲ್ಲ. ಆ ಅಂಚು ಕಾಣಬೇಕಾದರೆ ಪಾಪೆ ಅಗಲವಾಗಲೇಬೇಕು. ಕಾಯಿಲೆ ಇರುವ ಮಕ್ಕಳಿಗೆ 10ನೇ ವಯಸ್ಸಿನಿಂದಲೇ ಈ ಪರೀಕ್ಷೆ ಆಗಬೇಕು. 2023ರ ಜುಲೈ 1ರಂದು ಕೇಂದ್ರ ಸರ್ಕಾರ ಸಿಕಲ್ ಸೆಲ್ ನಿರ್ಮೂಲನಾ ಮಿಷನ್ ಶುರುಮಾಡಿತು, ರಕ್ತ ನೋಡಿ ಕಾರ್ಡು ಕೊಡ್ತಾರೆ. ಕಾರ್ಡಿನಲ್ಲಿ ಕಾಯಿಲೆ ಅಂತ ಬರೆದಿರುವ ಮನೆಗೆ ಹೋಗಿ ನೀವು ಕೇಳಿ: ಕಣ್ಣಿಗೆ ಹನಿ ಹಾಕಿ ನೋಡಿದ್ದಾರಾ?

ಜನ ಯಾಕೆ ಹೋಗಲ್ಲ ಅನ್ನೋದು ನನಗೂ ಗೊತ್ತು. ಕೊಡಗಿನ ಶುಂಠಿ ಕೆಲಸದ ಒಂದು ದಿನದ ಕೂಲಿ ಹೋಗುತ್ತೆ. ಮಸುಕು ಕಣ್ಣಲ್ಲಿ ಒಬ್ಬರೇ ಬಸ್ಸು ಹತ್ತಿ ಬರೋದು ಹೇಗೆ? ಅದಕ್ಕೇ ಮಾನಂತವಾಡಿಗೋ ಬತ್ತೇರಿಗೋ ಸಂಘದ ಹುಡುಗರು ಜೊತೆಗೆ ಹೋಗಿ. ಛತ್ರಿ ಇರಲಿ. ಬೈಕು ಅವರ ಕೈಗೆ ಕೊಡಬೇಡಿ. ಆ ದಿನ ಯಾವ ಕಾಗದಕ್ಕೂ ಸಹಿ, ಹೆಬ್ಬೆಟ್ಟು ಬೇಡ. ಕಣ್ಣು ಕೆಂಪಾಗಿ ಜೋರು ನೋವು, ವಾಂತಿ ಬಂದರೆ ಬೆಳಗಾಗಲಿ ಅನ್ನದೆ ಆಗಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಹನಿ ಹಾಕಿ ಅರ್ಧ ಗಂಟೆ ಕೂರಿಸ್ತಾರಲ್ಲ, ಆಗ ಪಕ್ಕದಲ್ಲೇ ಕೂತು ಮಾತಾಡಿಸ್ತಿರಿ. ನಮ್ಮವ್ವ ಎದ್ದು ಬಂದಿದ್ದು ಆ ಅರ್ಧ ಗಂಟೆಯಲ್ಲೇ.