ಆಲ್ಬುಮಿನ್ ಮೈಗೆ ಒಗ್ಗದಿದ್ದಾಗ

ಯಕೃತ್ತು ಕೆಟ್ಟು ಹೊಟ್ಟೆಯಲ್ಲಿ ನೀರು ತುಂಬಿಕೊಂಡ ರೋಗಿಗೆ ಆಲ್ಬುಮಿನ್ ಕೊಡಬೇಕೆಂದು ಹೇಳಿದಾಗ, ಮನೆಯವರು ನನ್ನನ್ನು ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಎರಡು. ಅದರ ಬೆಲೆ ಎಷ್ಟು? ಮೊಟ್ಟೆ ಆಗದವರಿಗೆ ಅದನ್ನು ಕೊಡಬಹುದೆ?

ಎರಡನೆಯ ಪ್ರಶ್ನೆಗೆ ಉತ್ತರ ಸುಲಭ. ಮೊಟ್ಟೆಯ ಲೋಳೆಯ ಪ್ರೋಟೀನು ಬೇರೆ, ಸೀಸೆಯಲ್ಲಿರುವ ಈ ಪ್ರೋಟೀನು ಬೇರೆ. ಬಿಳುಪು ಎಂಬರ್ಥದ ಲ್ಯಾಟಿನ್ ಪದದಿಂದ ಎರಡಕ್ಕೂ ಹೆಸರು ಬಂದಿದೆ, ನಂಟು ಅಷ್ಟೆ. ಇದು ಮನುಷ್ಯರು ದಾನ ಮಾಡಿದ ರಕ್ತರಸದಿಂದ ಬೇರ್ಪಡಿಸಿದ್ದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಎಡ್ವಿನ್ ಕೋಹ್ನ್ ತಣ್ಣನೆಯ ಆಲ್ಕೊಹಾಲಿನ ನೆರವಿನಿಂದ ಇದನ್ನು ಬೇರ್ಪಡಿಸುವ ಕ್ರಮವನ್ನು ರೂಪಿಸಿದರು. 1941ರ ಡಿಸೆಂಬರಿನಲ್ಲಿ ಪರ್ಲ್ ಹಾರ್ಬರಿನಲ್ಲಿ ಸುಟ್ಟ ಗಾಯಗಳಾದವರಿಗೆ ಇದನ್ನು ಕೊಡಲಾಯಿತು.

ಮನುಷ್ಯನ ಪ್ರೋಟೀನೇ ಮನುಷ್ಯನಿಗೇಕೆ ಒಗ್ಗದು? ವೈರಸ್ಸುಗಳು ಸಾಯಲೆಂದು ಈ ದ್ರವವನ್ನು 60 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 10 ಗಂಟೆ ಇಡುತ್ತಾರೆ. ಆಗ ಪ್ರೋಟೀನು ಕೆಡದಿರಲು ಕೆಲವು ರಾಸಾಯನಿಕಗಳನ್ನು ಬೆರೆಸುತ್ತಾರೆ. ಹೀಗಿದ್ದೂ ಒಂದಿಷ್ಟು ಅಣುಗಳು ಒಂದಕ್ಕೊಂದು ಅಂಟಿಕೊಳ್ಳಬಹುದು. ರಕ್ತರಸದ ಬೇರೆ ಪ್ರೋಟೀನುಗಳು ಲೇಶಮಾತ್ರ ಉಳಿಯಬಹುದು. ದೇಹ ಇವುಗಳಲ್ಲಿ ಯಾವುದನ್ನಾದರೂ ಪರಕೀಯವೆಂದು ಬಗೆದು ಸಿಡಿದೇಳಬಹುದು. ಅಲರ್ಜಿಯಲ್ಲದ ಕಾರಣವೂ ಒಂದುಂಟು. 1970ರ ದಶಕದಲ್ಲಿ, ಅಷ್ಟೊಂದು ಶುದ್ಧವಲ್ಲದ ರಕ್ತರಸ ಪ್ರೋಟೀನಿನ ದ್ರವವನ್ನು ವೇಗವಾಗಿ ಹರಿಸಿದಾಗ ಕೆಲವರ ರಕ್ತದೊತ್ತಡ ಕುಸಿಯಿತು. ಅದರಲ್ಲಿ ಉಳಿದಿದ್ದ ಒಂದು ಕಿಣ್ವ, ರಕ್ತನಾಳಗಳನ್ನು ಹಿಗ್ಗಿಸುವ ಬ್ರಾಡಿಕೈನಿನ್ ಎಂಬ ವಸ್ತುವನ್ನು ಹುಟ್ಟಿಸುತ್ತಿತ್ತು. ಎನಲಾಪ್ರಿಲ್, ರಾಮಿಪ್ರಿಲ್ ಮುಂತಾದ ರಕ್ತದೊತ್ತಡದ ಮಾತ್ರೆಗಳು ಈ ವಸ್ತುವನ್ನು ಬೇಗ ಕರಗಗೊಡವು. ಅವನ್ನು ನುಂಗುತ್ತಿರುವವರು ವೈದ್ಯರಿಗೆ ಮೊದಲೇ ತಿಳಿಸುವುದು ಲೇಸು.

ಇದನ್ನು ಕೇಳಿ ಯಾರೂ ಅಂಜಬೇಕಾಗಿಲ್ಲ. ಎರಡು ಲಕ್ಷಕ್ಕೂ ಹೆಚ್ಚು ಸಲ ಕೊಟ್ಟ ಇಂಥ ದ್ರವಗಳನ್ನು ಪರಿಶೀಲಿಸಿ 1977ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾದ ಲೇಖನವೊಂದರ ಪ್ರಕಾರ, ರಕ್ತರಸದ ಪ್ರೋಟೀನಿನಿಂದ ತೀವ್ರ ಅಪಾಯವಾದದ್ದು ಲಕ್ಷಕ್ಕೆ ಸುಮಾರು 3 ಸಲ. ಜೆಲಟಿನ್ ದ್ರವದಿಂದಲಾದರೆ ಲಕ್ಷಕ್ಕೆ 38 ಸಲ.

ಆದರೆ ಅಪರೂಪವೆಂದರೆ ಅಸಂಭವವೆಂದಲ್ಲ. ಹನಿ ಆರಂಭವಾದ ಮೊದಲ ನಿಮಿಷಗಳಲ್ಲಿ ಯಾರಾದರೂ ಹಾಸಿಗೆಯ ಬಳಿ ಇರಬೇಕು. ಮೈ ತುರಿಸಿ ಗಂಧೆಗಳೇಳುವುದು, ತುಟಿ ಊದುವುದು, ಚಳಿ ನಡುಕ, ಉಬ್ಬಸ, ತಲೆ ತಿರುಗಿ ಮೈ ಬೆವರುವುದು, ಇವುಗಳಲ್ಲಿ ಒಂದು ಕಂಡರೂ ತಕ್ಷಣ ಕೂಗಿ ಕರೆಯಬೇಕು. ದಾದಿ ಮೊದಲು ಹನಿಯನ್ನು ನಿಲ್ಲಿಸುತ್ತಾಳೆ. ಸೂಜಿಯನ್ನು ಮಾತ್ರ ಕೀಳುವುದಿಲ್ಲ, ಮುಂದಿನ ಔಷಧಿಗೆ ಅದೇ ದಾರಿ. ಉಸಿರು ಕಟ್ಟಿದರೆ ಅಥವಾ ರಕ್ತದೊತ್ತಡ ಕುಸಿದರೆ ತೊಡೆಯ ಸ್ನಾಯುವಿಗೆ ಅಡ್ರಿನಲಿನ್ ಚುಚ್ಚಬೇಕು. ವಯಸ್ಕರಿಗೆ ಅರ್ಧ ಮಿಲಿಗ್ರಾಂ. ಪ್ರಾಣ ಉಳಿಸುವ ಮದ್ದು ಅದೇ. ಅಲರ್ಜಿಯ ಬೇರೆ ಚುಚ್ಚುಮದ್ದುಗಳು ಅದರ ಹಿಂದಿನಿಂದ ಬರುವಂಥವು. ಇನ್ನೊಂದು ಮಾತು: ಎಲ್ಲ ಉಬ್ಬಸವೂ ಅಲರ್ಜಿಯಲ್ಲ. ಶೇಕಡ 20ರ ಆಲ್ಬುಮಿನ್ ನೀರನ್ನು ರಕ್ತನಾಳದೊಳಕ್ಕೆ ಸೆಳೆಯುತ್ತದೆ. ಹೃದಯ ದುರ್ಬಲವಾಗಿದ್ದರೆ ಶ್ವಾಸಕೋಶದಲ್ಲಿ ನೀರು ನಿಲ್ಲಬಹುದು. ಅದರ ಚಿಕಿತ್ಸೆಯೇ ಬೇರೆ.

ಇನ್ನು ಮೊದಲನೆಯ ಪ್ರಶ್ನೆ. ಒಂದು ಸೀಸೆಗೆ ಸಾವಿರಾರು ರೂಪಾಯಿ. ಸಾಲ ಮಾಡಿ ತಂದ ಔಷಧಿ ವ್ಯರ್ಥವಾದೀತೆಂದು ತುರಿಕೆಯನ್ನು ಹೇಳದೆ ಸಹಿಸುವ ರೋಗಿಗಳುಂಟು, 'ಮುಗಿಯುತ್ತ ಬಂತು, ಸ್ವಲ್ಪ ತಾಳು' ಎನ್ನುವ ಬಂಧುಗಳೂ ಉಂಟು. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ತಾಳ್ಮೆ ಇಲ್ಲಿ ಸದ್ಗುಣವಲ್ಲ. ನಿಲ್ಲಿಸಿದ ಸೀಸೆಯ ನಷ್ಟವನ್ನು ಹೇಗಾದರೂ ತುಂಬಿಕೊಳ್ಳಬಹುದು. ಒಮ್ಮೆ ಒಗ್ಗದ ಔಷಧಿಯ ಹೆಸರನ್ನೂ ದಿನವನ್ನೂ ಬರೆಯಿಸಿಕೊಂಡು ಜೋಪಾನವಾಗಿಟ್ಟುಕೊಳ್ಳಿ. ಮುಂದೆ ಯಾವ ಆಸ್ಪತ್ರೆಗೆ ಹೋದರೂ ಮೊದಲು ಆ ಚೀಟಿಯನ್ನು ತೋರಿಸಿ.